ಓಬವ್ವನ ಮುಖ ಯಾರದು? ಮಾಧ್ಯಮ ಮತ್ತು ಸಮಾಜ: ಅಧ್ಯಯನ ಟಿಪ್ಪಣಿ

ಮೊದಲ ಇಂಟರ್ನಲ್ಸ್‌ನಲ್ಲಿ ಜನಪ್ರಿಯ ಸಂಸ್ಕೃತಿ ಮತ್ತು ಮಾಧ್ಯಮ ಸಮಾಜದ ಮೇಲೆ ಬೀರುವ ಪ್ರಭಾವದ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಅನುಕೂಲ ಐದು, ಅನಾನುಕೂಲ ಐದು ಬರೆದು ಎದ್ದು ಬಂದೆ. ನಾಲ್ಕು ಅಂಕ ಬಂತು. ಅಂಚಿನಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಕೇಳಿದ್ದರು: "ನಿಮ್ಮೂರಿನ ಒಂದು ಉದಾಹರಣೆಯಾದರೂ ಎಲ್ಲಿ?" ನಮ್ಮೂರು ಚಿತ್ರದುರ್ಗ. ಆ ಪ್ರಶ್ನೆ ಹಿಡಿದುಕೊಂಡು ಮತ್ತೆ ಓದಿದಾಗ ಪಾಠ ಅರ್ಥವಾಯಿತು. ಹಾಗೆ ಅರ್ಥವಾದದ್ದನ್ನು ಬರೆದಿದ್ದೇನೆ.

ಕೋಟೆಯಿಂದ ಶುರು ಮಾಡೋಣ

ಒಂದು ಭಾನುವಾರ ಓಬವ್ವನ ಕಿಂಡಿಯ ಹತ್ತಿರ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಬಂಡೆಗಳ ನಡುವಿನ ಸಣ್ಣ ಸಂದು ಅದು, ಮೈ ಕುಗ್ಗಿಸಿಕೊಂಡೇ ನುಸುಳಬೇಕು. ನಾನು ಹೋದ ದಿನ ಒಬ್ಬ ತಾಯಿ ಏಳೆಂಟು ವರ್ಷದ ಮಗಳನ್ನು ಅದರ ಪಕ್ಕ ನಿಲ್ಲಿಸಿದರು. "ಕೈ ಎತ್ತು ಪುಟ್ಟಿ, ಒನಕೆ ಹಿಡ್ಕೊಂಡಂಗೆ" ಅಂದರು. ಹುಡುಗಿ ಎರಡೂ ಕೈ ಮೇಲೆತ್ತಿ, ಹಲ್ಲು ಕಚ್ಚಿ, ಕಣ್ಣು ಅಗಲ ಮಾಡಿ ನಿಂತಳು. ಅಪ್ಪ ಫೋಟೋ ತೆಗೆದರು. ಹಿಂದೆ ಯಾರದೋ ಮೊಬೈಲ್‌ನಲ್ಲಿ ಅದೇ ಹಾಡು ಕೇಳಿಸುತ್ತಿತ್ತು. ಯಾವ ಹಾಡು ಅಂತ ದುರ್ಗದವರಿಗೆ ಹೇಳಬೇಕಾಗಿಲ್ಲ.

ಆ ಭಂಗಿಯನ್ನು ಮಗುವಿಗೆ ಕಲಿಸಿದ್ದು ಯಾರು? ತಾಯಿ. ತಾಯಿಗೆ? 1972ರ ಸಿನಿಮಾ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ನಾಗರಹಾವು' ಬಂದದ್ದು ಆ ವರ್ಷ. ಅದರಲ್ಲಿ ಓಬವ್ವನಾಗಿ ನಟಿ ಜಯಂತಿ ಕಾಣಿಸಿಕೊಳ್ಳುವುದು ಒಂದು ಹಾಡಿನಷ್ಟು ಹೊತ್ತು. ಕಿಂಡಿಯ ಹತ್ತಿರ ಕೇಳಿಸಿದ ಹಾಡು ಅದೇ. ಓಬವ್ವನ ಕಥೆ ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ ಕಾಲದ್ದು. ಕೋಟೆ ಅವನ ಕೈಸೇರಿದ್ದು 1779ರಲ್ಲಿ. ಆಗ ಫೋಟೋ ಅನ್ನುವುದೇ ಇರಲಿಲ್ಲ. ಹಾಗಾದರೆ ಓಬವ್ವ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಮುಖ ಯಾರದು? ಜಯಂತಿ ಅವರದ್ದೇ ಅಲ್ವಾ? ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಕಚ್ಚೆ ಸೀರೆ ಉಟ್ಟು ಒನಕೆ ಹಿಡಿದು ಬರುವ ಹುಡುಗಿಯರ ಉಗ್ರ ನೋಟವೂ ಅಲ್ಲಿಯದ್ದೇ.

ಪಠ್ಯದಲ್ಲಿ 'ಸಾಮೂಹಿಕ ಸ್ಮೃತಿ' ಅಂತ ಒಂದು ಪದ ಬರುತ್ತದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ ಅವರದ್ದು. ನಾವು ಒಬ್ಬೊಬ್ಬರೇ ನೆನಪಿಟ್ಟುಕೊಳ್ಳುವುದಿಲ್ಲ, ನಮ್ಮ ಗುಂಪಿನ ಜೊತೆ ಸೇರಿ ನೆನಪಿಟ್ಟುಕೊಳ್ಳುತ್ತೇವೆ ಅನ್ನುವುದು ಅವರ ಮಾತಿನ ಸಾರ. ಇದು ನನಗೆ ತಿಳಿದದ್ದು ನಮ್ಮಜ್ಜಿಯಿಂದ.

ಅಜ್ಜಿಗೆ ಎಂಬತ್ತು ದಾಟಿದೆ. ಓಬವ್ವನ ಕಥೆಯನ್ನು ಅವರು ಸಿನಿಮಾಕ್ಕೂ ಮೊದಲೇ ಅವರವ್ವನ ಬಾಯಲ್ಲಿ ಕೇಳಿದವರು. ಅವರು ಹೇಳುವಾಗ ಯುದ್ಧ ಸ್ವಲ್ಪವೇ. ಊಟದ್ದು ಜಾಸ್ತಿ. ಕಾವಲುಗಾರ ಗಂಡ ಹಸಿದು ಬಂದಿದ್ದಾನೆ, ತಟ್ಟೆ ಮುಂದೆ ಕೂತಿದ್ದಾನೆ, ಓಬವ್ವ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಸದ್ದು. "ಉಣ್ಣೋ ಗಂಡನ್ನ ಹೆಂಗೆ ಎಬ್ಬಿಸೋದು ಕಣವ್ವ, ಅದ್ಕೆ ತಾನೇ ನಿಂತ್ಲು" ಅನ್ನುವ ಹೊತ್ತಿಗೆ ಅಜ್ಜಿಯ ದನಿ ಸಣ್ಣದಾಗುತ್ತದೆ. ಆಮೇಲೆ ಒನಕೆ ಎತ್ತುವ ಜಾಗ ಬರುತ್ತದೆ. ಅಲ್ಲಿ ಅಜ್ಜಿ ಎರಡೂ ಕೈ ಮೇಲೆತ್ತಿ ಕಣ್ಣರಳಿಸುತ್ತಾರೆ. ಕಿಂಡಿಯ ಹತ್ತಿರ ನಿಂತಿದ್ದ ಆ ಹುಡುಗಿಯ ಹಾಗೆಯೇ! ಕೇಳಿದೆ: "ನಿಮ್ಮವ್ವನೂ ಹಿಂಗೇ ಕೈ ಎತ್ತಿ ಹೇಳ್ತಿದ್ರಾ ಅಜ್ಜಿ?" ಅಜ್ಜಿ ಸ್ವಲ್ಪ ಯೋಚಿಸಿ ಹೇಳಿದರು: "ಇಲ್ಲ ಕಣೆ. ಅವ್ವ ರಾಗಿ ಬೀಸ್ತಾ ಹೇಳ್ತಿದ್ಲು. ಕೈ ಎಲ್ಲಿ ಬಿಡುವಿತ್ತು?"

ಕಥೆ ಅವರವ್ವನದು, ಕೈ ಸಿನಿಮಾದ್ದು. ಟೆಂಟ್‌ನಲ್ಲಿ ಒಂದೆರಡು ಸಲ ನೋಡಿದ ಚಿತ್ರ ಐವತ್ತು ವರ್ಷದಿಂದ ಅಜ್ಜಿಯ ತೋಳಿನಲ್ಲಿ ಕೂತಿದೆ. ಮಾಧ್ಯಮದ ಪ್ರಭಾವ ಅಂದಾಗ ನನಗೆ ಈಗ ಮೊದಲು ನೆನಪಾಗುವುದು ಇದೇ. ಹಳೆಯ ನೆನಪನ್ನು ಅದು ಅಳಿಸಲಿಲ್ಲ, ಅದರೊಳಗೇ ಬಂದು ಸೇರಿಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ. ನಮ್ಮೂರ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಇದೆಲ್ಲ ಸಿನಿಮಾದಿಂದಲೇ ಆಯಿತು ಅಂತ ಬರೆಯಬೇಡಿ. ಓಬವ್ವನನ್ನು ತಮ್ಮ ಮನೆಮಗಳು ಅಂತ ನೆನೆಯುವ ಛಲವಾದಿ ಸಮುದಾಯವಿದೆ, ಮೊದಲಿನಿಂದ ಕಥೆ ಹೇಳುತ್ತ ಬಂದ ಜನರಿದ್ದಾರೆ. ಸಿನಿಮಾ ಅದನ್ನು ದುರ್ಗದ ಆಚೆಗೂ ಮನೆಮನೆಗೆ ತಲುಪಿಸಿತು. ಅಷ್ಟು ಹೇಳಿದರೆ ಸಾಕು.

ಸಿದ್ಧಾಂತಗಳು

ಮೊದಲು 'ಮದ್ದಿನ ಸೂಜಿ' ಸಿದ್ಧಾಂತ. ಮಾಧ್ಯಮ ಚುಚ್ಚುತ್ತದೆ, ಜನರಿಗೆ ಮದ್ದು ಏರುತ್ತದೆ ಅನ್ನುವ ಹಳೆಯ ನಂಬಿಕೆ. 'ಟಿವಿ ನೋಡಿ ಮಕ್ಕಳು ಕೆಟ್ಟರು' ಅಂತ ಬರೆದರೆ ನೀವು ಇದನ್ನೇ ಬರೆದ ಹಾಗೆ. ನನ್ನ ನಾಲ್ಕು ಅಂಕದ ಉತ್ತರವೂ ಇದೇ ಆಗಿತ್ತು.

ಇದನ್ನು ಅಲುಗಾಡಿಸಿದ್ದು ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರ ಅಧ್ಯಯನ. 1940ರ ಅಮೆರಿಕ ಅಧ್ಯಕ್ಷ ಚುನಾವಣೆಯ ಹೊತ್ತಿನಲ್ಲಿ ಒಹಾಯೊ ರಾಜ್ಯದ ಒಂದು ಕೌಂಟಿಯ ಮತದಾರರನ್ನು ಅವರು ತಿಂಗಳುಗಟ್ಟಲೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಿಂತ ಜನ ತಮಗೆ ಗೊತ್ತಿರುವವರ ಮಾತಿಗೇ ಹೆಚ್ಚು ಬೆಲೆ ಕೊಟ್ಟದ್ದು ಕಂಡಿತು. ಸುದ್ದಿ ಮೊದಲು ಊರಿನ ಕೆಲವರಿಗೆ, ಅವರಿಂದ ಉಳಿದವರಿಗೆ. ಇದೇ 'ಎರಡು ಹಂತದ ಹರಿವು'. ಬೆಳಿಗ್ಗೆ ದಾವಣಗೆರೆಯ ಯಾವುದೇ ಟೀ ಅಂಗಡಿಗೆ ಹೋಗಿ ನೋಡಿ. ಒಬ್ಬರು ಪೇಪರ್ ಗಟ್ಟಿಯಾಗಿ ಓದುತ್ತಾರೆ, ನಾಲ್ವರು ಕೇಳುತ್ತಾರೆ, ಓದಿದವರು ಸೇರಿಸುವ ಮಾತೂ ಸುದ್ದಿಯ ಜೊತೆಗೇ ಹೋಗುತ್ತದೆ. ಇವತ್ತು ಆ ಜಾಗದಲ್ಲಿ ಮನೆಯವರ ವಾಟ್ಸಾಪ್ ಗ್ರೂಪ್ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸುದ್ದಿ ಹಬ್ಬಿ, ಬೀದರ್ ಜಿಲ್ಲೆಯಲ್ಲಿ ಅಮಾಯಕನೊಬ್ಬ ಜನರ ಹೊಡೆತಕ್ಕೆ ಪ್ರಾಣ ಬಿಟ್ಟ. ಆ ಮೆಸೇಜ್ ಕಳಿಸಿದವರು ಅಪರಿಚಿತರಲ್ಲ, ಅಣ್ಣ, ಮಾವ, ಗೆಳೆಯ. ಅದಕ್ಕೇ ಜನ ನಂಬಿದರು. ಅದೇ ವರ್ಷ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಮಾಡುವ ಮಿತಿ ಬಂತು.

'ಕಾರ್ಯಸೂಚಿ ನಿಗದಿ' ಸಿದ್ಧಾಂತ ಮೆಕ್‌ಕೂಂಬ್ಸ್ ಮತ್ತು ಶಾ ಅವರದು. ಇದೂ ಪ್ರಕಟವಾದದ್ದು 1972ರಲ್ಲೇ, ವರ್ಷ ನೆನಪಿಡುವುದು ಸುಲಭ. ಏನು ಯೋಚಿಸಬೇಕು ಅನ್ನುವುದಕ್ಕಿಂತ ಯಾವುದರ ಬಗ್ಗೆ ಯೋಚಿಸಬೇಕು ಅನ್ನುವುದನ್ನು ಮಾಧ್ಯಮ ಗೊತ್ತುಮಾಡುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ದಿನವಿಡೀ ಟಿವಿಯಲ್ಲಿ ಅದೇ. ಚಳ್ಳಕೆರೆಯಲ್ಲಿ ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಅದು ಜಿಲ್ಲಾ ಪುಟದ ಮೂಲೆಗೆ. ಚಳ್ಳಕೆರೆಯ ಹುಡುಗರೂ ಹಾಸ್ಟೆಲ್‌ನಲ್ಲಿ ಕೂತು ಬೆಂಗಳೂರಿನ ಮಳೆಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಇದು ನಿಜಕ್ಕೂ ನೋವು ಕೊಡುವ ವಿಷಯ.

ಜಾರ್ಜ್ ಗರ್ಬ್ನರ್ ಅವರ 'ಕಲ್ಟಿವೇಶನ್' ಸಿದ್ಧಾಂತ ಚಿಕ್ಕದು: ಟಿವಿ ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ. ಕ್ರೈಂ ಕಾರ್ಯಕ್ರಮ ಬಿಡದೆ ನೋಡುವ ನಮ್ಮ ಅತ್ತೆ ಸಂಜೆ ಏಳಕ್ಕೇ ಬಾಗಿಲಿಗೆ ಎರಡು ಚಿಲಕ ಹಾಕುತ್ತಾರೆ.

ಸ್ಟುವರ್ಟ್ ಹಾಲ್: ಇದನ್ನು ಬಿಡಬೇಡಿ

ಹಾಲ್ ಬ್ರಿಟನ್ನಿನ ಸಂಸ್ಕೃತಿ ಚಿಂತಕ. 1973ರ ತಮ್ಮ ಬರಹದಲ್ಲಿ ಅವರು ಹೇಳಿದ್ದು: ಮಾಡಿದವರು ಒಂದು ಅರ್ಥ ತುಂಬುತ್ತಾರೆ, ನೋಡುವವರು ಅದನ್ನು ತಮ್ಮದೇ ರೀತಿಯಲ್ಲಿ ಬಿಚ್ಚುತ್ತಾರೆ. ಒಪ್ಪಿಕೊಳ್ಳಬಹುದು, ಅರ್ಧ ಒಪ್ಪಿ ಅರ್ಧ ಪ್ರಶ್ನಿಸಬಹುದು, ಪೂರ್ತಿ ತಿರಸ್ಕರಿಸಲೂಬಹುದು.

ಓಬವ್ವನ ಹಾಡನ್ನೇ ತೆಗೆದುಕೊಳ್ಳಿ. ಫೋಟೋ ತೆಗೆಸಿದ ಆ ತಾಯಿಗೆ ಅದು ಹೆಮ್ಮೆ, ಮಗಳು ಧೈರ್ಯವಂತೆಯಾಗಲಿ ಅನ್ನುವ ಆಸೆ. ನನ್ನ ಗೆಳತಿ ಒಬ್ಬಳು ಕೇಳುತ್ತಾಳೆ: "ಹಾಡು ಬಾಯಿಪಾಠ ಇರೋರಲ್ಲಿ ಎಷ್ಟು ಜನಕ್ಕೆ ಓಬವ್ವ ಯಾವ ಕೇರಿಯವಳು ಅಂತ ಗೊತ್ತು?" ಅವಳಿಗೆ ಹಾಡೂ ಇಷ್ಟ, ಪ್ರಶ್ನೆಯೂ ಬೇಕು. ಇದು ಎರಡನೇ ಬಗೆ. ಇತಿಹಾಸ ಓದುವ ಇನ್ನೊಬ್ಬ, ದುರ್ಗದ ನಾಯಕರು ಹಿಂದೆ ಹೈದರನ ಜೊತೆ ಸೇರಿ ಯುದ್ಧ ಮಾಡಿದ್ದೂ ಉಂಟು, ಹಾಡಿನಲ್ಲಿ ಕಾಣುವಷ್ಟು ಸರಳ ಶತ್ರುತ್ವ ಅದಲ್ಲ ಅಂತ ವಾದಿಸಿ ಆ ಚಿತ್ರಣವನ್ನೇ ಒಪ್ಪುವುದಿಲ್ಲ. ಮೂವರೂ ನೋಡಿದ್ದು ಒಂದೇ ಹಾಡು.

ಪರೀಕ್ಷೆಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರಿಂದ ಓಬವ್ವನದೋ, ನಿಮ್ಮೂರ ಬೇರೆ ಯಾರದೋ ಕಥೆ ಹೇಳಿಸಿ. ಮಾತನ್ನು ಮೊಬೈಲ್ ರೆಕಾರ್ಡ್ ಮಾಡಿಕೊಳ್ಳಲಿ, ನೀವು ಅವರ ಕೈ ನೋಡಿ. ನಾನು ಅಜ್ಜಿಯನ್ನು ಇನ್ನೊಂದು ಸಲ ಕೂರಿಸಿ, ಅವರವ್ವ ಹೇಳುತ್ತಿದ್ದ ಹಾಗೆಯೇ ಹೇಳಿ ಅಂದೆ. ಅಜ್ಜಿ ಬೀಸುಕಲ್ಲು ತಿರುಗಿಸುವ ಹಾಗೆ ಬಲಗೈ ಆಡಿಸುತ್ತ ಶುರು ಮಾಡಿದರು. ಊಟದ ಭಾಗ ಮುಗಿಯುವವರೆಗೂ ಕೈ ತಿರುಗುತ್ತಲೇ ಇತ್ತು.