ಬಾಯಿ ಉರಿದರೆ ಔಷಧಿ ಕೆಲಸ ಮಾಡಿದಂತಲ್ಲ

ಪ್ರಶ್ನೆ: ತಂದೆಯವರಿಗೆ ಗಂಟಲಿನ ಕ್ಯಾನ್ಸರ್. ರೇಡಿಯೇಷನ್ ಮೂರನೇ ವಾರದಲ್ಲಿದೆ, ಬಾಯಿ ತುಂಬ ಹುಣ್ಣು. ಔಷಧಿ ಅಂಗಡಿಯ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಬಹುದೇ? (ಕುಮಟಾದ ಓದುಗರು)

ಬಾಟಲಿಯ ಚೀಟಿಯಲ್ಲಿ ಆಲ್ಕೋಹಾಲ್ ಎಂದಿದ್ದರೆ ಬೇಡವೇ ಬೇಡ. ಅದು ಮೊದಲೇ ಒಣಗಿರುವ ಬಾಯನ್ನು ಇನ್ನಷ್ಟು ಒಣಗಿಸುತ್ತದೆ, ಹಸಿ ಗಾಯವನ್ನು ಕೆರಳಿಸುತ್ತದೆ. ಉರಿದಷ್ಟೂ ಕ್ರಿಮಿ ಸಾಯುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆ ಬಾಯಿಹುಣ್ಣು ಎಂದರೆ ಉಷ್ಣ ಎಂದೇ ಲೆಕ್ಕ. ಕರಾವಳಿಯಲ್ಲಿ ಮುರುಗಲು ಪಾನಕ, ಶಿರಸಿ ಕಡೆ ಅಪ್ಪೆಹುಳಿ, ಇಲ್ಲವೇ ಕಾಳುಮೆಣಸು ಅರೆದ ತಂಬುಳಿ ಮುಂದೆ ಬರುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಹುಳಿ, ಖಾರ ಎರಡೂ ಈ ಹುಣ್ಣಿಗೆ ಚುಚ್ಚುತ್ತವೆ. ಇದು ಉಷ್ಣದ ಹುಣ್ಣಲ್ಲ. ಬಾಯಿಯ ಒಳಪದರದ ಕೋಶಗಳು ಸವೆದಂತೆ ಬೇಗ ಬೇಗ ಹೊಸದಾಗಿ ಹುಟ್ಟುತ್ತಿರುತ್ತವೆ. ಕಿರಣ ಆ ಹುಟ್ಟನ್ನೇ ತಡೆಯುತ್ತದೆ. ಎರಡು ಮೂರು ವಾರವಾಗುವಾಗ ಹಳೆಯ ಪದರ ಸವೆದಿರುತ್ತದೆ, ಹೊಸದು ಬಂದಿರುವುದಿಲ್ಲ. ‘ಕರೆಂಟ್’ (ರೇಡಿಯೇಷನ್) ಮುಗಿದ ಮೇಲೂ ಮಾಯಲು ಕೆಲವು ವಾರ ಬೇಕು.

ಹಾಗಾದರೆ ಏನು ಮಾಡಬೇಕು? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆಯ ಸೋಡಾ ಖಂಡಿತ ಅಲ್ಲ. ಸಾಣಿಕಟ್ಟೆಯ ಹರಳುಪ್ಪಾದರೂ ಆದೀತು, ಪೂರ್ತಿ ಕರಗಿರಲಿ; ಒಳ್ಳೆಯದೆಂದು ಹಿಡಿ ತುಂಬ ಹಾಕಬೇಡಿ. ಉಗುರುಬೆಚ್ಚಗಿನ ಆ ನೀರನ್ನು ಮೆಲ್ಲಗೆ ಬಾಯಿಯಲ್ಲಿ ಆಡಿಸಿ ಉಗುಳಬೇಕು, ನುಂಗಬಾರದು. ಎರಡು ಮೂರು ಗಂಟೆಗೊಮ್ಮೆ, ಊಟದ ನಂತರ, ಮಲಗುವ ಮುನ್ನ. ದಿನಕ್ಕೆ ಹೊಸದಾಗಿ ಮಾಡಿಕೊಳ್ಳಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸಿನಲ್ಲಿ ಹೋಗಿ ಬರುವವರು ಒಂದು ಬಾಟಲಿ ಚೀಲದಲ್ಲಿಟ್ಟುಕೊಳ್ಳಲಿ. ಈ ನೀರು ಹುಣ್ಣನ್ನು ಮಾಯಿಸುವುದಿಲ್ಲ. ಅಂಟುಲೋಳೆ, ಅನ್ನದ ಚೂರು ತೆಗೆದು ಬಾಯನ್ನು ತೇವವಾಗಿಡುತ್ತದೆ. ಅಷ್ಟರಿಂದಲೇ ಎಷ್ಟೋ ಹಾಯೆನಿಸುತ್ತದೆ.

ಹಲ್ಲಿನ ವೈದ್ಯರು ವಸಡಿಗೆ ಬರೆಯುವ ಕ್ಲೋರ್‌ಹೆಕ್ಸಿಡಿನ್ ಈ ಹುಣ್ಣನ್ನು ತಡೆಯುವುದಿಲ್ಲ. ಬೆಂಜಿಡಮೈನ್ ಎಂಬ ದ್ರಾವಣ ತಡೆಯಲು ನೆರವಾಗುತ್ತದೆ ಎಂಬುದಕ್ಕೆ ಆಧಾರವಿದೆ, ಆದರೆ ಅದನ್ನು ವೈದ್ಯರನ್ನು ಕೇಳಿಯೇ ಬಳಸಬೇಕು. ನೋವು ಹೆಚ್ಚಾದರೆ ಲಿಡೋಕೇನ್ ಬೆರೆತ ಮರಗಟ್ಟಿಸುವ ದ್ರಾವಣ ಕೊಡುತ್ತಾರೆ; ಬಾಯಿ ಜೋಮು ಹಿಡಿದಿರುವಾಗ ಗಂಜಿಯ ಬಿಸಿಯೂ ತಿಳಿಯದು, ನಾಲಗೆ ಕಚ್ಚಿಕೊಂಡದ್ದೂ ತಿಳಿಯದು, ಆಹಾರ ಗಂಟಲಿಗೆ ಸಿಕ್ಕಿಕೊಳ್ಳಲೂಬಹುದು. ಊಟಕ್ಕೆ ಮೊದಲು ಬಳಸುವುದಾದರೆ ಎಷ್ಟು ಹೊತ್ತು ಕಾಯಬೇಕೆಂದು ಕೇಳಿಕೊಳ್ಳಿ.

ಎಲೆಯಡಿಕೆ, ತಂಬಾಕು ನಿಲ್ಲಿಸಿದ್ದಾರೆ ಎಂದುಕೊಳ್ಳುತ್ತೇನೆ. ಮೃದು ಬ್ರಷ್ ಬಿಡಬೇಡಿ. ಬಾಯಿಯಲ್ಲಿ ಮೊಸರಿನ ಕೆನೆಯಂಥ ಬಿಳಿ ಪೊರೆ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಬೇರೆಯೇ ಔಷಧಿ. ಜ್ವರ ಬಂದರೆ, ರಕ್ತ ಸೋರಿದರೆ, ನೀರೂ ಇಳಿಯದಾದರೆ ಮರುದಿನದ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ.