ತೋಟಕ್ಕೆ ಹೊರಡುವ ಮೊದಲು ವೀಲ್ ಫೈಲಿನ ಹೆಸರು ಓದಿ

ಹಾಸನದ ಲ್ಯಾಬಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಪೈಥಾನ್ ಪ್ರಾಜೆಕ್ಟು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ, ಹೂಮಳೆ ಎಷ್ಟು ಇಂಚು ಬಿತ್ತೆಂದು ದಾಖಲಿಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡಬೇಕು ಅಂದುಕೊಳ್ಳಿ. ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪ್ಯಾಕೇಜುಗಳನ್ನೆಲ್ಲ ವೀಲ್ ಫೈಲುಗಳಾಗಿ, ಅಂದರೆ ಮೊದಲೇ ಕಟ್ಟಿಟ್ಟು ನೇರ ಇನ್‌ಸ್ಟಾಲ್ ಮಾಡಬಹುದಾದ ರೂಪದಲ್ಲಿ, ಪೆನ್‌ಡ್ರೈವಿನಲ್ಲೇ ಒಯ್ಯಬೇಕು. ಒಂದು ಪ್ಯಾಕೇಜು ಹೊಂದದಿದ್ದರೂ ಬೇಲೂರು ದಾಟಿ ಹೋದ ದಿನ ದಂಡ.

ಮೊದಲು ಪೈನಲ್ಲಿರುವ ಪೈಥಾನ್ ಆವೃತ್ತಿ, ಗ್ಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) ಆವೃತ್ತಿ, ಓಎಸ್ 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ಬರೆದುಕೊಳ್ಳಿ. ಬುಕ್‌ವರ್ಮ್ ಎಂಬ ಡೆಬಿಯನ್ ಲಿನಕ್ಸ್ ಆವೃತ್ತಿಯ ಆಧಾರದ ಪೈ ಓಎಸ್ ಆದರೆ ಪೈಥಾನ್ 3.11, ಗ್ಲಿಬ್‌ಸಿ 2.36. ಹಿಂದಿನ ಬುಲ್ಸ್‌ಐ ಆದರೆ 3.9 ಮತ್ತು 2.31. ಬಿಟ್ ವಿಷಯದಲ್ಲಿ ಎಡವುವುದು ಸುಲಭ. ‘ಯೂನೇಮ್’ ಕಮಾಂಡು ಹೇಳುವುದು ಕರ್ನಲ್ಲಿನ (ಓಎಸ್‌ನ ತಿರುಳಿನ) ಸುದ್ದಿ ಮಾತ್ರ. ಪೈ 4ರಲ್ಲಿ 32 ಬಿಟ್ ಓಎಸ್ ಇದ್ದರೂ ಕರ್ನಲ್ 64 ಬಿಟ್ಟಿನದಾಗಿರಬಹುದು. ಆಗ ಯೂನೇಮ್ ‘ಎಆರ್ಚ್64’ (64 ಬಿಟ್ ಆರ್ಮ್) ಎನ್ನುತ್ತದೆ, ಪೈಥಾನ್ ಮಾತ್ರ 32 ಬಿಟ್ಟಿನದೇ. ಆದ್ದರಿಂದ ಓಎಸ್‌ನ ಪ್ಯಾಕೇಜು ಸಾಧನ ‘ಡಿಪಿಕೆಜಿ’ಯನ್ನು ಕೇಳಿ: ‘ಆರ್ಮ್64’ ಬಂದರೆ 64 ಬಿಟ್, ‘ಆರ್ಮ್‌ಎಚ್‌ಎಫ್’ ಬಂದರೆ 32. ಎರಡನೆಯದಕ್ಕೆ ಪೈಥಾನ್ ಪ್ಯಾಕೇಜುಗಳ ಮುಖ್ಯ ಭಂಡಾರ ಪೈಪಿಐನಲ್ಲಿ ಎಷ್ಟೋ ಪ್ಯಾಕೇಜುಗಳ ವೀಲ್ ಇರುವುದೇ ಇಲ್ಲ, ಪೈಗೆಂದೇ ವೀಲ್ ಕಟ್ಟಿಡುವ ಪೈವೀಲ್ಸ್‌ನಲ್ಲಿ ಹುಡುಕಬೇಕು.

ವೀಲ್ ಫೈಲಿನ ಹೆಸರಿನ ಕೊನೆಯ ಮೂರು ತುಣುಕು ಕ್ರಮವಾಗಿ ಪೈಥಾನ್, ಎಬಿಐ (ಕಂಪೈಲಾದ ಕೋಡು ಪೈಥಾನಿನೊಂದಿಗೆ ಹೊಂದುವ ಬಗೆ), ಪ್ಲಾಟ್‌ಫಾರ್ಮ್. ‘ಪಿವೈ3-ನನ್-ಎನಿ’ ಇದ್ದರೆ ಅದು ಶುದ್ಧ ಪೈಥಾನ್, ಯಾವ ಪ್ರೊಸೆಸರ್ ಆದರೂ ಚಿಂತೆಯಿಲ್ಲ. ‘ವಿನ್_ಎಎಂಡಿ64’ ಇದ್ದರೆ ಪೈಗೆ ಉಪಯೋಗವಿಲ್ಲ. ‘ಮೆನಿಲಿನಕ್ಸ್_2_28_ಎಆರ್ಚ್64’ ಅಂದರೆ ಗ್ಲಿಬ್‌ಸಿ 2.28 ಅಥವಾ ಅದಕ್ಕಿಂತ ಹೊಸದಿರುವ 64 ಬಿಟ್ ಆರ್ಮ್ ಲಿನಕ್ಸ್. ‘ಮೆನಿಲಿನಕ್ಸ್2014’ಕ್ಕೆ 2.17 ಸಾಕು. ಆಲ್ಪೈನ್ ಲಿನಕ್ಸಿನಲ್ಲಿ ಗ್ಲಿಬ್‌ಸಿ ಬದಲು ಮಸ್ಲ್ ಎಂಬ ಬೇರೆ ಸಿ ಲೈಬ್ರರಿ ಇರುವುದರಿಂದ ಇವೆರಡೂ ಅಲ್ಲಿ ನಡೆಯುವುದಿಲ್ಲ.

ಇನ್ನು ಡೌನ್‌ಲೋಡ್. ಲ್ಯಾಪ್‌ಟಾಪಿನಲ್ಲಿ ಪೈಥಾನಿನ ಪ್ಯಾಕೇಜು ಸಾಧನ ಪಿಪ್‌ನ ‘ಪಿಪ್ ಡೌನ್‌ಲೋಡ್’ ಕಮಾಂಡು ಕೊಡುವಾಗ ಪ್ಲಾಟ್‌ಫಾರ್ಮ್, ಪೈಥಾನ್ ಆವೃತ್ತಿ, ಎಬಿಐ ಮೂರನ್ನೂ ಪೈಗೆ ತಕ್ಕಂತೆ ಕೊಟ್ಟು, ‘ಓನ್ಲಿ ಬೈನರಿ’ಯನ್ನು ‘ಆಲ್’ ಮಾಡಿ. ಪ್ಲಾಟ್‌ಫಾರ್ಮ್ ಆಯ್ಕೆಯನ್ನು ಎರಡು ಸಲ ಕೊಡಿ, ಒಮ್ಮೆ 2014, ಒಮ್ಮೆ 2_28. 2014 ಒಂದನ್ನೇ ಕೊಟ್ಟರೆ 2_28ಕ್ಕೆಂದು ಕಟ್ಟಿದ ಹೊಸ ವೀಲ್ ಪಿಪ್‌ನ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಆವೃತ್ತಿ ಬರುತ್ತದೆ, ಇಲ್ಲವೇ ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್’ ಎಂಬ ದೋಷ. ವೀಲ್ ಇಲ್ಲದೆ ಸೋರ್ಸ್ ಮಾತ್ರ ಇರುವ ಪ್ಯಾಕೇಜಿಗೂ ಇದೇ ದೋಷ ಬರುತ್ತದೆ. ಸೋರ್ಸನ್ನೇ ಒಯ್ದರಾಯಿತು ಅನ್ನಬೇಡಿ: ಅದನ್ನು ಕಟ್ಟುವಾಗ ಪಿಪ್ ಪ್ರತ್ಯೇಕ ಪರಿಸರದಲ್ಲಿ ಸೆಟಪ್‌ಟೂಲ್ಸ್ ಎಂಬ ಕಟ್ಟುವ ಸಾಧನವನ್ನು ಹೊಸದಾಗಿ ಕೇಳುತ್ತದೆ, ನೆಟ್ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಅದೇ ಮಾದರಿಯ ಇನ್ನೊಂದು ಪೈನಲ್ಲಿ ಮೊದಲೇ ವೀಲ್ ಕಟ್ಟಿಟ್ಟುಕೊಳ್ಳುವುದು ಮೇಲು.

ಇಷ್ಟಾದರೂ ಒಂದು ತೂತು ಉಳಿಯುತ್ತದೆ, ಗಮನವಿಟ್ಟು ಓದಿ. ‘ಲಿನಕ್ಸ್ ಆದರೆ ಮಾತ್ರ ಬೇಕು’ ಎಂಬಂಥ ಷರತ್ತುಗಳನ್ನು ಪಿಪ್ ಪರೀಕ್ಷಿಸುವುದು ತಾನು ಓಡುತ್ತಿರುವ ಯಂತ್ರಕ್ಕೆ, ನೀವು ಹೆಸರಿಸಿದ ಪ್ಲಾಟ್‌ಫಾರ್ಮಿಗಲ್ಲ. ವಿಂಡೋಸ್‌ನಲ್ಲಿ ಇಳಿಸಿದರೆ ವಿಂಡೋಸಿಗೆಂದು ಕೇಳುವ ಕಲರಾಮಾದಂಥ ಪ್ಯಾಕೇಜು ಅನಗತ್ಯವಾಗಿ ಬಂದು ಸೇರುತ್ತದೆ, ಅದರಿಂದ ತೊಂದರೆಯಿಲ್ಲ. ಲಿನಕ್ಸಿಗೆ ಮಾತ್ರ ಬೇಕಾದದ್ದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಹಾಗಾಗಿ ಇಳಿಸುವ ಕೆಲಸವನ್ನು ಆರ್ಮ್64 ಡಾಕರ್ ಕಂಟೇನರಿನೊಳಗೆ (ಲ್ಯಾಪ್‌ಟಾಪಿನಲ್ಲೇ ಓಡುವ ಪ್ರತ್ಯೇಕ ಲಿನಕ್ಸ್ ಪರಿಸರ), ಪೈಥಾನ್ 3.11ರಲ್ಲೇ ಮಾಡುವುದು ನಂಬಿಕಸ್ಥ ದಾರಿ. ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಮೂಲಕ ಓಡುವುದರಿಂದ ನಿಧಾನ, ಆದರೆ ಷರತ್ತುಗಳ ಲೆಕ್ಕ ಸರಿಯಾಗಿರುತ್ತದೆ.

ಪೈನಲ್ಲಿ ಮೊದಲು ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿಗೆಂದೇ ಪ್ರತ್ಯೇಕ ಪೈಥಾನ್ ಫೋಲ್ಡರು) ಮಾಡಿ. ಬುಕ್‌ವರ್ಮ್‌ನಲ್ಲಿ ಅದರ ಹೊರಗಡೆ ಪಿಪ್ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ‘ನೋ ಇಂಡೆಕ್ಸ್’ ಮತ್ತು ‘ಫೈಂಡ್ ಲಿಂಕ್ಸ್’ ಕೊಟ್ಟು ಫೋಲ್ಡರಿನಿಂದಲೇ ಹಾಕಿ. ಇನ್‌ಸ್ಟಾಲ್ ಆದ ಮಾತ್ರಕ್ಕೆ ನಂಬಬೇಡಿ, ಪ್ರತಿಯೊಂದನ್ನೂ ಇಂಪೋರ್ಟ್ ಮಾಡಿ ನೋಡಿ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ಆ ವೀಲ್ ನಿಮ್ಮ ಪೈನ ಪ್ರೊಸೆಸರಿನಲ್ಲಿಲ್ಲದ ಸೂಚನೆ ಬಳಸುತ್ತಿದೆ. ‘ಲಿಬ್‌ಓಪನ್‌ಬ್ಲಾಸ್’ ಸಿಗಲಿಲ್ಲ ಎಂದರೆ ಪೈವೀಲ್ಸ್‌ನಿಂದ ತಂದ ನಮ್‌ಪೈಗೆ (ಲೆಕ್ಕದ ಪ್ಯಾಕೇಜು) ಬೇಕಾದ ಸಿಸ್ಟಮ್ ಲೈಬ್ರರಿ ಇಲ್ಲ. ಪಿಪ್ ಅದನ್ನು ತರುವುದಿಲ್ಲ, ಅದರ ಡೆಬ್ (ಡೆಬಿಯನ್ ಪ್ಯಾಕೇಜು) ಫೈಲನ್ನೂ ಅದೇ ಪೆನ್‌ಡ್ರೈವಿಗೆ ಹಾಕಿಕೊಂಡಿರಬೇಕು.