ಹಿನ್ನೆಲೆ ಪ್ರೊಸೆಸ್‌ನ ಮಾಹಿತಿಯನ್ನು ಟಿಕಿಂಟರ್ ವಿಂಡೋಗೆ ತರುವುದು: ಕ್ಯೂ ಖಾಲಿ ಮಾಡುವ ಹಂತದ ಟಿಪ್ಪಣಿ

ವಿಂಡೋ ಪ್ರೋಗ್ರಾಂ ಬರೆಯಲು ಬಳಸುವ ಪೈಥಾನ್‌ನ ಟಿಕಿಂಟರ್ ಲೈಬ್ರರಿಯಲ್ಲಿ ವಿಂಡೋ ಮೂಡಿಸುವುದೂ ಕ್ಲಿಕ್ಕಿಗೆ ಸ್ಪಂದಿಸುವುದೂ ಮೇನ್‌ಲೂಪ್ ಎಂಬ ಒಂದೇ ಸುತ್ತಿನಲ್ಲಿ ನಡೆಯುವುದರಿಂದ, ಅದನ್ನು ತಡೆದು ನಿಲ್ಲಿಸುವ ದೀರ್ಘ ಲೆಕ್ಕಾಚಾರವನ್ನು ಮಲ್ಟಿಪ್ರೊಸೆಸಿಂಗ್ ಮೂಲಕ ಬೇರೆ ಪ್ರೊಸೆಸ್‌ಗೆ ವಹಿಸುತ್ತೇವೆ. ಆ ಪ್ರೊಸೆಸ್‌ನ ಮೆಮೊರಿ ಪ್ರತ್ಯೇಕವಾದ್ದರಿಂದ ಅದು ವಿಂಡೋದಲ್ಲಿ ಅಂಕಿ-ಅಕ್ಷರ ತೋರಿಸುವ ನಮ್ಮ ಲೇಬಲ್ ಅನ್ನು ನೇರವಾಗಿ ಬದಲಿಸಲಾರದು. ಫಲಿತಾಂಶವನ್ನು ಕ್ಯೂಗೆ, ಅಂದರೆ ಮೊದಲು ಹಾಕಿದ್ದು ಮೊದಲು ಹೊರಬರುವ ಸರದಿ ಸಾಲಿಗೆ, ಹಾಕುತ್ತದೆ, ವಿಂಡೋ ಅದನ್ನು ಎತ್ತಿಕೊಳ್ಳುತ್ತದೆ.

ಎತ್ತಿಕೊಳ್ಳುವ ಫಂಕ್ಷನ್ ಅನ್ನು ಆಫ್ಟರ್ ಮೆಥಡ್‌ನಿಂದ 100 ಮಿಲಿಸೆಕೆಂಡಿಗೊಮ್ಮೆ ಓಡಿಸಬಹುದು. ಆಫ್ಟರ್ ಒಂದೇ ಬಾರಿ ಕರೆಯುವುದರಿಂದ, ಆ ಫಂಕ್ಷನ್ ಮುಗಿಯುವ ಮುನ್ನ ತನ್ನನ್ನು ತಾನೇ ಮತ್ತೆ ನಿಗದಿಪಡಿಸಿಕೊಳ್ಳಬೇಕು. ಕ್ಯೂನಿಂದ ಎತ್ತಲು ಬರೀ ಗೆಟ್ ಬಳಸಿದರೆ ಖಾಲಿ ಕ್ಯೂವಿನ ಮುಂದೆ ಮೇನ್‌ಲೂಪ್ ಕಾದು ನಿಲ್ಲುತ್ತದೆ. ಕಾಯದೆ ಮರಳುವ ಗೆಟ್_ನೋವೇಟ್ ಬಳಸಿ, ಕ್ಯೂ ಖಾಲಿಯಿದ್ದಾಗ ಬರುವ ಎಂಪ್ಟಿ ಎಕ್ಸೆಪ್ಶನ್ ಹಿಡಿಯಬೇಕು.

ಎಡವಿಸುವುದು ಮುಂದಿನ ಹಂತ. ಆ ಫಂಕ್ಷನ್ ಓಡುವ ಪ್ರತಿ ಸುತ್ತಿನಲ್ಲಿ ಒಂದೇ ಮೌಲ್ಯ ಎತ್ತಿದರೆ ಪ್ರೋಗ್ರಾಂ ಸರಿಯಾಗಿರುವಂತೆಯೇ ಕಾಣುತ್ತದೆ, ಎರರ್ ಬರುವುದಿಲ್ಲ, ಗುಂಡಿಗಳೂ ಕೆಲಸ ಮಾಡುತ್ತವೆ. ಆದರೆ ಹಿನ್ನೆಲೆ ಪ್ರೊಸೆಸ್ ಸೆಕೆಂಡಿಗೆ 200 ಮೌಲ್ಯಗಳನ್ನು ಹಾಕುತ್ತಿದೆ ಎಂದುಕೊಳ್ಳಿ. ವಿಂಡೋ ಸೆಕೆಂಡಿಗೆ 10ನ್ನು ಮಾತ್ರ ಎತ್ತುತ್ತದೆ, ಮಿಕ್ಕ 190 ಕ್ಯೂನಲ್ಲೇ ಉಳಿಯುತ್ತವೆ. ಒಂದು ನಿಮಿಷದ ಹೊತ್ತಿಗೆ 12,000 ಮೌಲ್ಯಗಳು ಬಂದಿರುತ್ತವೆ, ತೆರೆಯ ಮೇಲಿರುವುದು 600ನೆಯದು, ಅಂದರೆ 3ನೇ ಸೆಕೆಂಡಿನದು. ಅಂಕಿ ಬದಲಾಗುತ್ತಲೇ ಇರುವುದರಿಂದ ಅದು 57 ಸೆಕೆಂಡು ಹಳೆಯದೆಂಬ ಅನುಮಾನವೇ ಬರುವುದಿಲ್ಲ. ವಿಂಡೋ ಪೂರ್ತಿ ಸ್ಥಗಿತಗೊಂಡರೆ ಕಣ್ಣಿಗಾದರೂ ಬೀಳುತ್ತದೆ. ಈ ಹಿಂದುಳಿಕೆ ಅದಕ್ಕಿಂತ ಕೆಟ್ಟದ್ದೆಂದೇ ನನ್ನ ಅಭಿಪ್ರಾಯ. ಆಫ್ಟರ್‌ನ ಅವಧಿಯನ್ನು 10 ಮಿಲಿಸೆಕೆಂಡಿಗೆ ಇಳಿಸಿದರೂ ಎತ್ತುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 100, ಹಿಂದುಳಿಯುವುದು ತಪ್ಪುವುದಿಲ್ಲ.

ಆದ್ದರಿಂದ ಪ್ರತಿ ಸುತ್ತಿನಲ್ಲೂ ಎಂಪ್ಟಿ ಬರುವವರೆಗೆ ಎತ್ತುತ್ತಾ ಹೋಗಿ, ಕೊನೆಯ ಮೌಲ್ಯವನ್ನಷ್ಟೇ ಇಟ್ಟುಕೊಂಡು, ಲೂಪ್‌ನ ಹೊರಗೆ ಒಂದೇ ಬಾರಿ ಲೇಬಲ್ ಬದಲಿಸಬೇಕು. ಲೂಪ್‌ನ ಒಳಗೇ ಬದಲಿಸಿದರೆ ಯಾರೂ ನೋಡದ ಬದಲಾವಣೆಗಳಿಗೆ ಸಮಯ ವ್ಯರ್ಥವಾಗುತ್ತದೆ. ಹಾಕುವವನ ವೇಗ ತೀರಾ ಹೆಚ್ಚಿದ್ದರೆ ಎಂಪ್ಟಿ ಬಾರದೆಯೇ ಹೋಗಬಹುದು, ಹಾಗಾಗಿ ಸುತ್ತಿಗೆ 500 ಎಂಬಂಥ ಮಿತಿ ಇರಲಿ. ಆ ಮಿತಿಯನ್ನೇ ಪದೇ ಪದೇ ಮುಟ್ಟುತ್ತಿದ್ದರೆ ಹಾಕುವ ಕಡೆಯಲ್ಲೇ ಕಡಿತ ಮಾಡಬೇಕು. ಲಾಗ್ (ನಡೆದದ್ದರ ದಾಖಲೆ) ಸಾಲುಗಳ ವಿಷಯ ಬೇರೆ: ಅಲ್ಲಿ ಯಾವುದನ್ನೂ ಬಿಡುವಂತಿಲ್ಲ, ಸುತ್ತಿನಲ್ಲಿ ಸಿಕ್ಕಿದ್ದನ್ನೆಲ್ಲ ಜೋಡಿಸಿ ಒಮ್ಮೆಲೇ ಸೇರಿಸಬೇಕು.

ವಿಂಡೋ ಮುಚ್ಚುವಾಗಲೂ ಕ್ಯೂ ಮರೆಯುವಂತಿಲ್ಲ. ಹಾಕಿದ ಮಾಹಿತಿಯೆಲ್ಲ ಕ್ಯೂನ ಒಳಗಿನ ಪೈಪ್‌ಗೆ (ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ದಾರಿಗೆ) ಸಾಗುವ ತನಕ ಹಿನ್ನೆಲೆ ಪ್ರೊಸೆಸ್ ಮುಗಿಯುವುದಿಲ್ಲವಾದ್ದರಿಂದ, ಕ್ಯೂ ಖಾಲಿ ಮಾಡದೆ, ಆ ಪ್ರೊಸೆಸ್ ಮುಗಿಯುವವರೆಗೆ ಕಾಯುವ ಜಾಯಿನ್ ಕರೆದರೆ ಎರಡೂ ಒಂದನ್ನೊಂದು ಕಾಯುತ್ತಾ ನಿಂತುಬಿಡಬಹುದು. ಮೊದಲು ನಿಲ್ಲುವ ಸೂಚನೆ ಕೊಟ್ಟು, ಉಳಿದದ್ದನ್ನು ಎತ್ತಿ, ಆಮೇಲೆ ಜಾಯಿನ್ ಕರೆಯಬೇಕು.